ಉದ್ದ ಮಾಡಿದ ಶಿವದಾರ

“ದಾರ ಒಂದೀಟು ಉದ್ದ ಮಾಡು ಸುನಂದಾ, ಎದಿಗೆ ಒತ್ತತೈತಿ” ಎಂದು ಅತ್ತೆ ಕಾಶೆವ್ವ ಅಂದಾಗ ಸುನಂದಾ ದೇವರ ಮನೆಯಲ್ಲಿ ಕೂತು, ಹತ್ತಿಯ ಎಳೆಗಳನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಅತ್ತೆಯ ಕೊರಳ ಲಿಂಗಕ್ಕೆ ಹೊಸ ಶಿವದಾರ ಹೆಣೆಯುತ್ತಿದ್ದಳು. ಅಡುಗೆಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಮಧ್ಯಾಹ್ನ ಮೈದುನ ಸಿದ್ದಲಿಂಗನ ಹೆಂಡತಿ ನೀಲಾಳ ಕುಬಸದ ಕಾರ್ಯ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸವನ್ನು ಉಡಿಯಲ್ಲಿ ಹಾಕಿ ಆರತಿ ಎತ್ತಬೇಕು. ಅಂಥ ದಿನ ಮೈಮೇಲೆ ಹಳೆಯ ದಾರ ಇರಬಾರದು ಎಂದು ಕಾಶೆವ್ವನೇ ಹಟ ಹಿಡಿದಿದ್ದಳು. ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಬೆಳ್ಳಿಯ ಕರಡಿಗೆಯೊಳಗಿಟ್ಟು ಮುಚ್ಚಿ, ಅದನ್ನು ಎಡ ಅಂಗೈಯಲ್ಲಿ ಹಿಡಿದು ಕೂತಿದ್ದಳು. ದಾರ ಬದಲಿಸುವಾಗಲೂ ಅದು ಮೈ ಬಿಡಬಾರದು, ಇನ್ನೊಬ್ಬರ ಕೈಗೂ ಹೋಗಬಾರದು. ಹಾಗಾಗಿ ಸುನಂದಾ ಮುಂದೆ ಬಾಗಿ ಅತ್ತೆಯ ಅಂಗೈಯ ಮೇಲೆಯೇ ಕರಡಿಗೆಯ ಕಿವಿಗಳಿಗೆ ದಾರ ಪೋಣಿಸಬೇಕು. ಬಾಗಿದಳು. ಅತ್ತೆಯ ಸೆರಗು ಸರಿದಿತ್ತು. ಬಲ ಭುಜದ ಮೇಲೆ ದಾರ ಕೂತು ಕೂತು ಆದ ಹಳೆಯ ಗೆರೆ ಕಪ್ಪಗೆ ಹಾಗೇ ಇತ್ತು. ಅದು ಮೊದಲಿನಿಂದ ಇದ್ದದ್ದೇ. ಬಲ ಭುಜದಿಂದ ಇಳಿದ ದಾರ, ಎಡ ಎದೆಯ ಪಕ್ಕದಲ್ಲಿ ಕರಡಿಗೆ. ಆದರೆ ಈಗ ಎಡ ಭುಜದ ಮೇಲೂ ಒಂದು ಗೆರೆ ಕಂಡಿತು, ಕೆಂಪಗೆ, ಹೊಸದು. ಅಂದರೆ ಕೆಲವು ದಿನಗಳಿಂದ ಅತ್ತೆ ಕರಡಿಗೆಯನ್ನು ಎಡ ಮಗ್ಗುಲಿನಿಂದ ಬಲ ಮಗ್ಗುಲಿಗೆ ಸರಿಸಿದ್ದಾಳೆ. ಸರಿಸಿದರೂ ಎಡಗಡೆಯ ಒತ್ತು ಹೋಗಿಲ್ಲ. ಅದಕ್ಕೇ ಈಗ ದಾರ ಉದ್ದವಾಗಬೇಕು, ಕರಡಿಗೆ ಎದೆಯನ್ನೇ ಬಿಟ್ಟು ಕೆಳಗಿಳಿಯಬೇಕು. ಸುನಂದಾಳ ಕೈ ನಿಂತಿತು.

ಈ ಎರಡು ಗೆರೆಗಳ ಅರ್ಥ ಅವಳಷ್ಟು ಚೆನ್ನಾಗಿ ತಿಳಿದವರು ಮುಂಡಗೋಡಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಅವಳ ಭುಜದ ಮೇಲೂ ಹೀಗೇ ಎರಡು ಗೆರೆ ಇದ್ದವು. ಜಳಕ ಮಾಡುವಾಗ ಎಡ ಎದೆಯಲ್ಲಿ, ಕರಡಿಗೆ ಕೂರುವ ಜಾಗದಲ್ಲೇ, ಏನೋ ಗಟ್ಟಿಯಾಗಿ ಬೆರಳಿಗೆ ತಗುಲಿತ್ತು. ಅತ್ತೆಗೆ ಹೇಳಿದ್ದಳು. “ಅದು ಲಿಂಗಪ್ಪನ ಒತ್ತು, ಬಾಣಂತ್ಯಾಗಿದ್ದಾಗ ನನಗೂ ಆಗಿತ್ತು. ಆ ಕಡೆ ಸರಸಿ ಕಟ್ಟಿಕೋ, ತಾನ ಕರಗತೈತಿ” ಎಂದಿದ್ದಳು ಕಾಶೆವ್ವ, ಎಲೆಯಡಿಕೆ ಹಾಕಿಕೊಳ್ಳುತ್ತಾ. ಸುನಂದಾ ಸರಿಸಿ ಕಟ್ಟಿಕೊಂಡಳು. ಅದು ಕರಗಲಿಲ್ಲ. ಒಂದು ಬೆಳಿಗ್ಗೆ ಜಳಕದ ಮನೆಯಲ್ಲಿ ನಿಂತಾಗ, ಕರಡಿಗೆ ಈ ಕಡೆ ಇದೆ, ಗಂಟು ಆ ಕಡೆ ಇದೆ, ಹಾಗಾದರೆ ಸುಮ್ಮಸುಮ್ಮನೆ ಲಿಂಗಪ್ಪನ ಮೇಲೆ ಯಾಕೆ ಸುಳ್ಳು ಹೊರಿಸುತ್ತಿದ್ದೇನೆ ಎಂದು ಅನ್ನಿಸಿ ಅವಳಿಗೆ ಒಮ್ಮೆಲೇ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. ಆ ಸಿಟ್ಟಿನಲ್ಲೇ, ನೆಂಟರ ಮದುವೆಗೆ ಸೀರೆ ತರುತ್ತೇನೆಂದು ಸುಳ್ಳು ಹೇಳಿ, ಒಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ತಪಾಸಣೆ ಮುಗಿಸಿ, “ಅವರಿಕಾಳಿನಷ್ಟು ಐತಿ ನೋಡ್ರಿ. ಇನ್ನೊಂದು ವರ್ಷ ಬಿಟ್ಟು ಬಂದಿದ್ರ ನಾನು ನಿಮ್ಮ ಜೋಡಿ ಹಿಂಗ ನಕ್ಕೋತ ಮಾತಾಡ್ತಿರಲಿಲ್ಲ” ಎಂದಿದ್ದರು. ಸೀರೆಯಿಲ್ಲದೆ ವಾಪಸು ಬಂದವಳನ್ನು ಅತ್ತೆ ಕೇಳಿದ ಮೊದಲ ಮಾತು, ಸೀರಿ ಎಲ್ಲಿ?

ಆಮೇಲೆ ಆಪರೇಶನ್ನು, ಬಾಟಲಿಯ ಔಷಧ, ಉದುರಿದ ಕೂದಲು. ಊರಿಗೆ ಮಾತ್ರ ಪಿತ್ತಕೋಶದಲ್ಲಿ ಹಳ್ಳು, ಅಂದರೆ ಹರಳು, ಆಗಿದ್ದವು, ತೆಗೆಸಿದೆವು ಎಂದು ಹೇಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಕಾಶೆವ್ವ. ಗೋಣು ಹಾಕಿದವನು ಮಗ ಶೇಖಪ್ಪ, ಸುನಂದಾಳ ಗಂಡ. ಪಿತ್ತಕೋಶಕ್ಕೂ ತಲೆಕೂದಲಿಗೂ ಏನು ಸಂಬಂಧ ಎಂದು ಓಣಿಯವರು ಯಾರೂ ಕೇಳಲಿಲ್ಲ, ಕೇಳದೆ ಇದ್ದದ್ದರಿಂದಲೇ ಅವರಿಗೆಲ್ಲ ಗೊತ್ತಿದೆ ಎಂದು ಸುನಂದಾಳಿಗೆ ಗೊತ್ತಾಗುತ್ತಿತ್ತು. ಅವಳು ಹಳೆ ಧೋತರದ ಅರಿವೆಯಲ್ಲಿ ಒಂದು ಚೀಲ ಹೊಲಿದು, ತೂಕಕ್ಕೆ ಸಾಸಿವೆ ತುಂಬಿ, ಕುಬಸದ ಎಡಗಡೆ ಇಟ್ಟುಕೊಳ್ಳುವುದನ್ನು ಕಲಿತಳು. ಅಲ್ಲಿಂದ ಮುಂದೆ ಯಾವ ಮನೆಯ ಉಡಿ ತುಂಬುವುದಕ್ಕೂ, ತೊಟ್ಟಿಲ ಕಾರ್ಯಕ್ಕೂ ಅವಳಿಗೆ ಒಂದಲ್ಲ ಒಂದು ಅಡುಗೆಯ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಇವತ್ತೂ ಬೆಳಗ್ಗೆ ಎದ್ದ ಕೂಡಲೇ ಅತ್ತೆ ಹೇಳಿದ್ದಳು: “ನೀ ಒಳಗ ಅಡಗಿ ನೋಡ್ಕೋ. ಕುಬಸಾ ಮುಟ್ಟೂದು ಬ್ಯಾಡ. ಚೊಚ್ಚಲ ಬಸುರಿ, ನಾಳಿ ಹಾಲೂಡೂ ಎದಿ…” ಮಾತು ಅಲ್ಲಿಗೇ ನಿಂತಿತ್ತು. ಆ ಹಸಿರು ಕುಬಸವನ್ನು ಹೊಲಿದವಳು ಸುನಂದಾ. ಕತ್ತರಿಸುವಾಗ, ಹೊಲಿಯುವಾಗ, ಕೊಕ್ಕೆ ಹಚ್ಚುವಾಗ ಮುಟ್ಟಬಹುದಿತ್ತು, ಈಗ ಮುಟ್ಟಬಾರದು. ಇದೇ ಎದೆಯ ಹಾಲು ಕುಡಿದು ಬೆಳೆದ ಮಗ ಸಚಿನ ಧಾರವಾಡದಲ್ಲಿ ಓದುತ್ತಿದ್ದಾನೆ, ಗಡ್ಡ ಬಂದಿದೆ. ಅವನಿಗೂ ಹಳ್ಳು ಎಂದೇ ಹೇಳಿದ್ದರು.

“ಯಾಕ ನಿಂತಿ?” ಎಂದಳು ಕಾಶೆವ್ವ. “ಕೈ ಜೋಮು ಹಿಡೀತು, ಲಗೂನ ಮಾಡು.” ಆಗ ಸುನಂದಾಳ ಒಳಗೆ ಒಂದು ದನಿ, ತನ್ನದೇ ದನಿ, ಬಹಳ ಶಾಂತವಾಗಿ ‘ಒತ್ತಲಿ’ ಎಂದಿತು. ಒತ್ತಲಿ. ನಿನಗೂ ಒಂದು ಸಲ ಒತ್ತಲಿ. ಅವಳು ಹೌಹಾರಿದಳು. ಆದರೆ ಕೈ ಹೌಹಾರಲಿಲ್ಲ. ಕೈ ತನ್ನ ಪಾಡಿಗೆ ಇನ್ನೂ ಒಂದು ಮೊಳ ದಾರ ಹೆಣೆಯಿತು, ಅತ್ತೆಯ ಅಂಗೈಯ ಮೇಲೆ ಪೋಣಿಸಿತು, ಗಂಟು ಹಾಕಿತು, ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿತು. ಕರಡಿಗೆ ಹೋಗಿ ಹೊಟ್ಟೆಯ ಮೇಲೆ ಕೂತಿತು. “ಹಾಂ, ಈಗ ಹಗುರಾತು ನೋಡವ್ವ” ಎಂದು ಕಾಶೆವ್ವ ಉಸಿರುಬಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ‘ಅವ್ವ’ ಅನ್ನುವ ಮಾತು ಸುನಂದಾಳ ಪಾಲಿಗೆ ಬಂದಿತ್ತು. ಸುನಂದಾ ಎದ್ದು ಅಡುಗೆಮನೆಗೆ ಹೋದಳು.

ಹೂರಣ ರುಬ್ಬುವಾಗ, ಬುತ್ತಿಯ ಅನ್ನಕ್ಕೆ ಒಗ್ಗರಣೆ ಕೊಡುವಾಗ, ಕೊನೆಗೆ ಸಾಸಿವೆಯ ಡಬ್ಬಿ ಕೈಗೆತ್ತಿಕೊಂಡಾಗಲೂ ಅವಳಿಗೆ ಆ ಕೆಂಪು ಗೆರೆಯೇ ಕಾಣುತ್ತಿತ್ತು. ತಾನು ಅಂಥವಳಲ್ಲ ಎಂದುಕೊಂಡಳು. ಅಂಥವಳಲ್ಲದಿದ್ದರೆ ಬಾಯಿ ಯಾಕೆ ಬಿಡಲಿಲ್ಲ? ಹೇಳಿದರೆ ಅತ್ತೆ ಏನು ಅನ್ನುತ್ತಾಳೆ ಎಂಬುದು ಅವಳಿಗೆ ಬಾಯಿಪಾಠವಿತ್ತು: ನಿನಗಾತು ಅಂತ ಎಲ್ಲಾರಿಗೂ ಆಗತೈತೇನು, ಬಾಯಿ ತೊಳಕೋ. ಹಾಗಂದರೆ ಅನ್ನಿಸಿಕೊಳ್ಳಬಹುದಿತ್ತು, ಅನ್ನಿಸಿಕೊಂಡು ರೂಢಿಯಿದೆ. ಹೇಳದೆ ಇದ್ದದ್ದು ಆ ಭಯಕ್ಕಲ್ಲ. ಹೇಳದೆ ಇದ್ದದ್ದು ಖುಷಿಗೆ. ಹೌದು, ಕ್ಷಣಹೊತ್ತು ಖುಷಿಯಾಗಿತ್ತು, ಅದನ್ನು ಯಾರಿಂದ ಮುಚ್ಚಿಡುವುದು? ಅವಳಿಗೆ ತನ್ನ ಮೇಲೆ ಅಸಹ್ಯ ಬಂತು, ಜೊತೆಗೇ, ಇಷ್ಟು ದಿನ ಒಳ್ಳೆಯ ಸೊಸೆಯಾಗಿ ಇದ್ದದ್ದರ ಬಗ್ಗೆಯೂ ಅಸಹ್ಯ ಬಂತು. ಅಷ್ಟರಲ್ಲಿ ಶೇಖಪ್ಪ ಬಾಳೆಎಲೆಯ ಕಟ್ಟು ಹೊತ್ತು ಒಳಗೆ ಬಂದ. ಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುವವನು. ಗಿರಾಕಿಗಳ ಎದುರು ಗಟ್ಟಿ ದನಿ, ಅವ್ವನ ಎದುರು ದನಿಯೇ ಇಲ್ಲ.

“ಏನ್ರಿ, ಇಲ್ಲೆ ಬರ್ರಿ” ಎಂದು ಕರೆದು ತಗ್ಗಿದ ದನಿಯಲ್ಲಿ ಹೇಳಿದಳು, “ಅತ್ತಿಗೂ ನನಗಾದದ್ದ ಆಗಿರಬೇಕು ಅನಸತೈತಿ.”

“ನಿನಗೇನಾಗಿತ್ತು?” ಎಂದ ಶೇಖಪ್ಪ. ಮೂರು ವರ್ಷ ಊರಿಗೆಲ್ಲ ಹೇಳಿ ಹೇಳಿ ಅವನ ಪಾಲಿಗೂ ಹಳ್ಳೇ ನಿಜವಾಗಿ ಹೋಗಿದ್ದವೋ ಏನೋ. ಆಮೇಲೆ ಅವನ ಮುಖ ಇಳಿಯಿತು. ಎಲೆಯ ಕಟ್ಟನ್ನು ನೆಲಕ್ಕಿಟ್ಟು, ಬಿಚ್ಚಿ, ಮತ್ತೆ ಕಟ್ಟಿದ. “ಇವತ್ತ ಬ್ಯಾಡ, ಸುಮ್ನಿರು. ಹಳಿಯಾಳದಿಂದ ಬೀಗರು ಬರ್ತಾರ. ಕಾರ್ಯ ಮುಗೀಲಿ, ನೀಲಾನ ಹಡಿಯೂದು ಮುಗೀಲಿ, ಆಮ್ಯಾಲೆ ನೋಡೂಣು.”

“ಆಮ್ಯಾಲೆ ನೋಡೂಣು ಅಂದಿದ್ರ ನಾ ಇವತ್ತ ನಿಮ್ಮ ಮುಂದ ನಿಂತಿರತಿದ್ದೆನು?”

ಆಪರೇಶನ್ ಆದಂದಿನಿಂದ ಅವನು ಅವಳ ಎದೆಯ ಕಡೆ ನೋಡಿದವನಲ್ಲ. ಮಾತಾಡುವಾಗ ಹಣೆಯನ್ನೋ ಕಿವಿಯನ್ನೋ ನೋಡುತ್ತಾನೆ. ಕೆಟ್ಟವನಲ್ಲ. ಬಾಟಲಿ ಏರಿಸುವ ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅತ್ತದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಹೊರಗೆ ಅತ್ತವನು ಒಳಗೆ ಬಂದು ಅಳಬಾರದಿತ್ತೇ ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ. ಅವನು ಎಲೆ ತೊಳೆಯಲು ಹಿತ್ತಲಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ಹೆಂಗಸರಿಂದ ತುಂಬಿತು. ನೀಲಾಳ ತಾಯಿ ಶಾಂತಾದೇವಿ ಹಳಿಯಾಳದಿಂದ ಬುತ್ತಿಯ ಬುಟ್ಟಿ, ಕರ್ಚಿಕಾಯಿ, ಹಸಿರು ಬಳೆ ತಂದಿದ್ದರು. ಪಕ್ಕದ ಮನೆಯ ಮಾಲವ್ವ ಹಾಡು ಎತ್ತಿದಳು, ಅವಳ ಗಂಟಲು ದೊಡ್ಡದು, ಓಣಿಯ ಆ ತುದಿಯವರೆಗೂ ಕೇಳಬೇಕು. ನೀಲಾ ಮಣೆಯ ಮೇಲೆ ಕೂತು, ಬೆವರುತ್ತಾ, ನಾಚುತ್ತಾ, ನಡುನಡುವೆ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ವಾಂತಿಯ ತಿಂಗಳುಗಳಲ್ಲಿ ಅವಳ ಹಣೆ ಹಿಡಿದವಳು ಸುನಂದಾ. “ಅಕ್ಕಾ ಎಲ್ಲಿ?” ಎಂದು ಅವಳು ಕೇಳಿದ್ದು ಬಾಗಿಲ ಹಿಂದೆ ಹೋಳಿಗೆಯ ತಾಟು ಹಿಡಿದು ನಿಂತ ಸುನಂದಾಳಿಗೆ ಕೇಳಿಸಿತು. ಅದಕ್ಕೆ ಕಾಶೆವ್ವ ಕೊಟ್ಟ ಉತ್ತರವೂ ಕೇಳಿಸಿತು: “ಆಕಿಗೆ ಹಳ್ಳಿನ ಆಪರೇಶನ್ ಆಗೇತಲ್ಲ, ಬಗ್ಗಿ ಏಳಾಕ ಆಗೂದಿಲ್ಲ. ಒಳಗ ಇರ್ತಾಳ ಬಿಡು.” ಬೆಳಗಿನಿಂದ ಬಗ್ಗಿ ಏಳದ ಕೆಲಸ ಒಂದನ್ನೂ ಮಾಡಿರಲಿಲ್ಲ ಸುನಂದಾ. ಅವಳಿಗೆ ನಗು ಬಂತು, ನಗುವಿನ ಬೆನ್ನಿಗೆ ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಮುತ್ತೈದೆಯರು ಒಬ್ಬೊಬ್ಬರೇ ಎದ್ದು ಅರಿಷಿಣ ಹಚ್ಚಿದರು. ಇನ್ನು ಕುಬಸ ಹಾಕಬೇಕು, ಅದಕ್ಕೆ ಮೊದಲು ಮನೆಯ ಹಿರಿಯಳ ಆರತಿ. ಕಾಶೆವ್ವ ಹಿತ್ತಾಳೆಯ ಆರತಿ ತಟ್ಟೆ ಹಿಡಿದು ನೀಲಾಳ ಮುಂದೆ ಬಾಗಿದಳು.

ಸೆರಗಿನ ಒಳಗಿಂದ ಕರಡಿಗೆ ಜಾರಿ ಹೊರಬಂತು. ಬೆಳಗ್ಗೆ ಹೆಣೆದ ಉದ್ದ ದಾರದ ತುದಿಯಲ್ಲಿ ಜೋತಾಡಿ ಠಣ್ಣೆಂದು ತಟ್ಟೆಗೆ ಬಡಿಯಿತು. ದೀಪ ಹೊಯ್ದಾಡಿತು. ಹಾಡು ನಿಂತಿತು. ಕಾಶೆವ್ವ ಗಾಬರಿಯಲ್ಲಿ ನೆಟ್ಟಗೆ ನಿಂತಳು, ಆಗ ಎಲ್ಲರಿಗೂ ಕಂಡಿತು, ಕರಡಿಗೆ ಸೀರೆಯ ನೆರಿಗೆಯ ಮೇಲೆ ತೂಗುತ್ತಿತ್ತು.

“ಅಯ್ಯ ಕಾಶೆವ್ವಾ, ಲಿಂಗಪ್ಪ ಹೊಕ್ಕಳಾ ದಾಟಿ ಕೆಳಗ ಇಳದಾನಲ್ಲ!” ಎಂದಳು ಮಾಲವ್ವ, ಹಾಡಿದ ಗಂಟಲಿನಲ್ಲೇ. “ಇಷ್ಟುದ್ದ ದಾರ ಯಾರಾದ್ರೂ ಕಟ್ಟತಾರನು? ಯಾಕವ್ವ, ಏನಾಗೇತಿ?”

ಹೊಕ್ಕಳ ಕೆಳಗೆ ಲಿಂಗ ಇಳಿಯಬಾರದೆಂದು ಮನೆಯ ಮಕ್ಕಳಿಗೆ, ಸೊಸೆಯರಿಗೆ, ಕೆಲಸಕ್ಕೆ ಬಂದವರಿಗೂ ಹೇಳುತ್ತಾ ಬಂದವಳು ಕಾಶೆವ್ವ. ಅವಳು ಕರಡಿಗೆಯನ್ನು ಕೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ನಿಂತಲ್ಲಿಂದಲೇ ತಲೆ ತಿರುಗಿಸಿ ಅಡುಗೆಮನೆಯ ಬಾಗಿಲನ್ನು ನೋಡಿದಳು. ಆ ನೋಟವನ್ನು ಸುನಂದಾ ಅವಳಲ್ಲಿ ಎಂದೂ ಕಂಡಿರಲಿಲ್ಲ. ಅದು ಬೇಡುತ್ತಿತ್ತು. ಹಾಗಾದರೆ ಅತ್ತೆಗೆ ಗೊತ್ತಿದೆ! ಇದು ಲಿಂಗಪ್ಪನ ಒತ್ತಲ್ಲ ಎಂದು ಅವಳಿಗೆ ಗೊತ್ತಿದೆ, ಸುನಂದಾಳಿಗೆ ಗೊತ್ತಾಗಿದೆ ಎಂದೂ ಗೊತ್ತಿದೆ, ಹೇಳಬೇಡ ಎನ್ನುತ್ತಿದ್ದಾಳೆ. ಬೆಳಗಿನ ಆ ಶಾಂತ ದನಿ ಒಳಗೆ ಇನ್ನೊಮ್ಮೆ ಬಾಯಿ ತೆರೆಯಲು ನೋಡಿತು. ಸುನಂದಾ ತಾಟನ್ನು ಬಾಗಿಲ ಬಳಿ ಇಟ್ಟು ಪಡಸಾಲೆಗೆ ಬಂದಳು.

“ದಾರ ನಾ ಮಾಡೇನ್ರಿ ಮಾಲವ್ವಾ. ಅಳತಿ ನಂದ ತಪ್ಪೇತಿ.”

“ಇರಲಿ ಬಿಡವ್ವ” ಎಂದರು ಶಾಂತಾದೇವಿ, ಮೆತ್ತಗಿನ ಸ್ವಭಾವದವರು. “ಮೊದಲ ನಿನಗ ಹಳ್ಳಿನ ತ್ರಾಸು. ಅಷ್ಟ ಓಡಾಡಬ್ಯಾಡ, ಕೂಡು.”

“ಹಳ್ಳಿಂದಲ್ರಿ” ಎಂದಳು ಸುನಂದಾ. ಬಾಯಿಯಿಂದ ಬಂದ ಮೇಲೆಯೇ ಅವಳಿಗೂ ಅದು ಕೇಳಿಸಿದ್ದು. “ನನಗ ಹಳ್ಳು ಆಗಿರಲಿಲ್ಲ. ಕ್ಯಾನ್ಸರ್ ಆಗಿತ್ತು. ಎಡಗಡಿ ಎದಿ ತಗದಾರ.”

“ಸುನಂದಾ!” ಎಂದಳು ಕಾಶೆವ್ವ.

ಯಾರದೋ ಮಡಿಲಿನ ಕೂಸು ಕೈಯೊಳಗಿನ ಬಳೆಗಳನ್ನು ಆಡಿಸುವ ಸಪ್ಪಳ ಮಾತ್ರ. ಇಷ್ಟು ಹೆಂಗಸರ ಕಣ್ಣು ಒಮ್ಮೆಲೇ ತನ್ನ ಎದೆಯ ಮೇಲೆ ಬಿದ್ದದ್ದು ಅವಳಿಗೆ ತಿಳಿಯಿತು; ಯಾವುದು ನಿಜ, ಯಾವುದು ಸಾಸಿವೆ ಎಂದು ಹುಡುಕುತ್ತಿದ್ದಾರೆ. ಹುಡುಕಲಿ. ಮೂರು ವರ್ಷ ಸೆರಗನ್ನು ಎಡಕ್ಕೆ ಎರಡು ಪದರು ಹೊದ್ದು ಓಡಾಡಿದ್ದಕ್ಕೆ ಬೆನ್ನು ಬಾಗಿಹೋಗಿತ್ತು. ಈಗ ನೆಟ್ಟಗೆ ನಿಂತಳು. “ಲಗೂನ ಗೊತ್ತಾತು, ಲಗೂನ ಹೋದೆ, ಉಳದೆ” ಎಂದಳು. “ಕದ್ದು ಮಾಡಿದ್ದಲ್ಲ, ಕೆಟ್ಟದ್ದು ಮಾಡಿದ್ದಲ್ಲ. ನೆಗಡಿ ಬಂದಂಗ ಒಂದು ರೋಗ ಬಂತು. ನೆಗಡಿಗಿಂತ ದೊಡ್ಡದು, ಖರೆ. ಆದ್ರ ನಾಚೂವಂಥಾದ್ದೇನಲ್ಲ.” ಆಮೇಲೆ ಅತ್ತೆಯ ಕಡೆ ತಿರುಗಿದಳು. ದನಿ ತಾನಾಗಿ ತಗ್ಗಿತು. “ಲಿಂಗ ಕಟ್ಟಿದ ಮೈಗೆ ಮೈಲಿಗಿ ಅನ್ನೂದಿಲ್ಲ ಅಂತ ಈ ಮನಿಗೆ ಬಂದ ದಿನಾ ನೀವ ನನಗ ಕಲಿಸಿದ್ರಿ ಅತ್ತಿ. ಕುಬಸಾ ನಾ ಹಾಕತೇನಿ.”

ಕಾಶೆವ್ವ ಏನೋ ಅನ್ನಲು ಹೋದಳು. ಅಷ್ಟರಲ್ಲಿ ನೀಲಾ ಮಣೆಯ ಮೇಲೆ ಕೂತಲ್ಲೇ ಎರಡೂ ಕೈಯಲ್ಲಿ ಉಡಿ ಒಡ್ಡಿದಳು. “ಹಾಕು ಅಕ್ಕಾ. ಹೊಲದಾಕಿ ನೀನ ಹೌದಿಲ್ಲೋ? ಕಂಕಳದಾಗ ಬಿಗಿ ಆದ್ರ ನಿನ್ನ ಬಿಡೂದಿಲ್ಲ ಮತ್ತ.” ಯಾರೋ ಕಿಸಕ್ಕೆಂದರು. ಶಾಂತಾದೇವಿ ಎದ್ದು ನಿಂತು, ಮೊರದಲ್ಲಿದ್ದ ಹಸಿರು ಕುಬಸವನ್ನು ತಾವೇ ಎತ್ತಿ ಸುನಂದಾಳ ಕೈಗೆ ಕೊಟ್ಟರು. ಸುನಂದಾ ಅದನ್ನು ಉಡಿಯಲ್ಲಿಟ್ಟಳು, ಮೇಲೆ ಅಕ್ಕಿ ಹಾಕಿದಳು. ಮಾಲವ್ವ ಗಂಟಲು ಸರಿಮಾಡಿಕೊಂಡು ಬಿಟ್ಟಲ್ಲಿಂದ ಹಾಡು ಹಿಡಿದಳು.

ಊಟವಾದ ಮೇಲೆ ಅಡುಗೆಮನೆಯಲ್ಲಿ ನಡೆದದ್ದನ್ನು ಸುನಂದಾ ನಿರೀಕ್ಷಿಸಿರಲಿಲ್ಲ. ನೀರು ಬೇಕೆಂದು ಒಬ್ಬಳು ಬಂದಳು, ಎಲೆಯಡಿಕೆಗೆ ಸುಣ್ಣ ಕೇಳುತ್ತಾ ಇನ್ನೊಬ್ಬಳು ಬಂದಳು, ಆಮೇಲೆ ನೆಪವಿಲ್ಲದೆ ಬಂದರು. ಮಾಲವ್ವ ಬಾಗಿಲು ಮುಂದೆ ಮಾಡಿ, ಅವಳ ಗಂಟಲಲ್ಲಿ ಇದೆಯೆಂದು ಯಾರೂ ಊಹಿಸದ ಸಣ್ಣ ದನಿಯಲ್ಲಿ ಕೇಳಿದಳು, “ಭಾಳ ನೋಯತಿತ್ತೇನವ್ವ?”

“ಇಲ್ರಿ. ಅದ ಮೋಸ. ನೋಯೂದಿಲ್ಲ, ನೋವಿಲ್ಲಂತ ನಾವು ಸುಮ್ನಿರ್ತೇವಿ.”

“ಮತ್ತ ಹೆಂಗ ಗೊತ್ತಾಗಬೇಕು?”

ಸುನಂದಾ ಹೂರಣದ ಕೈ ತೊಳೆದುಕೊಂಡು, ಮೂರು ಬೆರಳು ಜೋಡಿಸಿ ತೋರಿಸಿದಳು. ಬೆರಳ ತುದಿಯಲ್ಲಿ ಅಲ್ಲ, ಚಪ್ಪಟೆಯಾಗಿ. ಸುತ್ತಲೂ, ಕಂಕುಳದ ತನಕ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಜಳಕ ಮಾಡುವಾಗ ಸಾಬೂನು ಹಚ್ಚಿದ ಕೈಯಲ್ಲಿ. ಮುಟ್ಟು ನಿಂತೇ ಹೋದವರು ತಮಗೆ ನೆನಪಿರುವ ಒಂದು ದಿನ. ಚರ್ಮ ಎಲ್ಲಾದರೂ ಒಳಗೆ ಜಗ್ಗಿದೆಯೋ, ತೊಟ್ಟಿನಿಂದ ಏನಾದರೂ ಬರುತ್ತದೆಯೋ, ಕನ್ನಡಿಯ ಮುಂದೆ ಕೈಯೆತ್ತಿ ನೋಡಬೇಕು. ಗಂಟು ಸಿಕ್ಕರೆ ಎಲ್ಲವೂ ಅದೇ ಅಲ್ಲ, ಬಹಳಷ್ಟು ಏನೂ ಅಲ್ಲ, ಆದರೆ ಅಲ್ಲ ಎಂದು ಹೇಳಬೇಕಾದವರು ಡಾಕ್ಟರು, ನಾವಲ್ಲ, ಅತ್ತೆಯಲ್ಲ. “ಗಂಡಗ ಹೇಳಿದ್ರ, ದಿನಾ ನಾನ ನೋಡತೇನಿ ಬಿಡು ಅಂತಾನ” ಎಂದಳು ಒಬ್ಬಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಲವ್ವ ನಗಲಿಲ್ಲ. ಸೆರಗಿನ ಒಳಗೆ ಕೈಹಾಕಿ, ಮೇಲೆ ತೂಗುಹಾಕಿದ ನೆಲುವನ್ನು ನೋಡುತ್ತಾ, ಮೂರು ಬೆರಳು ಜೋಡಿಸಿ ನೋಡಿಕೊಳ್ಳುತ್ತಿದ್ದಳು.

ಬೀಗರು ಹೊರಟ ಮೇಲೆ ಕಾಶೆವ್ವ ತನ್ನ ಕೋಣೆಯಿಂದ ಕರೆದಳು. ಮಂಚದ ತುದಿಯಲ್ಲಿ ಕೂತಿದ್ದಳು, ಕರಡಿಗೆ ಇನ್ನೂ ಮುಷ್ಟಿಯಲ್ಲಿ. “ಮನಿ ಮಾನಾ ಕಳದಿ” ಎಂದಳು. “ನನ್ನ ಮಾತು ಸುಳ್ಳು ಮಾಡಿದಿ ನಾಕು ಮಂದ್ಯಾಗ.”

“ಸುಳ್ಳ ಇತ್ತಲ್ರಿ” ಎಂದಳು ಸುನಂದಾ. “ಅದಿರಲಿ. ನಾಳಿ ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗೂಣು.”

“ನಾ ಒಲ್ಲೆ. ನನಗೇನಾಗೇತಿ?”

“ನಿಮಗ ಗೊತ್ತೈತಿ.”

ಕಾಶೆವ್ವ ಗೋಡೆಯ ಕಡೆ ಮುಖ ಮಾಡಿದಳು. “ಸಾಯೂ ವಯಸ್ಸು ನಂದು. ಹೋಗತೇನಿ ಹಂಗ. ಈ ವಯಸ್ಸಿನ್ಯಾಗ ಗಂಡಸರ ಮುಂದ ಎದಿ ಬಿಚ್ಚಲೇನು?” ಎಂದಳು. ಸುನಂದಾ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು, ಹೇಳಿದಳು. “ಮುಂಜಾನಿ ದಾರ ಪೋಣಸೂವಾಗ ನನಗ ಗೊತ್ತಾತು ಅತ್ತಿ. ಗೊತ್ತಾಗಿ ಸುಮ್ನ ಉದ್ದ ಮಾಡಿಕೊಟ್ಟೆ.”

“ಯಾಕ?”

“ಸಿಟ್ಟಿತ್ತು. ನಿಮಗೂ ಒತ್ತಲಿ ಅನಸ್ತು.”

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಕಾಶೆವ್ವ ತಿರುಗಿ ಅವಳನ್ನು ನೋಡಿದಳು, ಹೊಸಬಳನ್ನು ನೋಡಿದ ಹಾಗೆ ನೋಡಿದಳು. “ಇರಬೇಕ ಬಿಡು” ಎಂದಳು ಕೊನೆಗೆ. “ನಾ ನಿನ್ನ ಜಾಗಾದಾಗ ಇದ್ದಿದ್ರ ಹೇಳತಿರಲಿಲ್ಲ ಸೈತ.” ಆಮೇಲೆ ಗಟ್ಟಿಯಾದ ದನಿ ಒಡೆಯಿತು. “ನಿನಗ ಹಳ್ಳು ಅಂತ ಊರಿಗೆ ಹೇಳಿದ್ದು ನಿನ್ನ ಮುಚ್ಚಾಕಲ್ಲ ಸುನಂದಾ, ನಾ ಅಂಜಿದ್ದೆ. ಅದರ ಹೆಸರ ಬಾಯಾಗ ಬಂದ್ರ ಮನ್ಯಾಗ ಇನ್ನೊಬ್ಬರಿಗೆ ಬರತೈತಿ ಅಂತ ಅಂಜಿದ್ದೆ. ನೋಡು, ಹೆಸರ ಹೇಳದ ಬಂತು. ಕೊಯ್ದ ಮ್ಯಾಲೆ ಅಲ್ಲೆ ಏನಿರತೈತಿ? ತೂತು ಇರತೈತೇನು?”

ಮೂರು ವರ್ಷ ಒಂದೇ ಮನೆಯಲ್ಲಿದ್ದು ಈ ಮುದುಕಿ ಸೊಸೆಯ ಎದೆಯಲ್ಲಿ ತೂತು ಇದೆ ಎಂದುಕೊಂಡು ಓಡಾಡಿದ್ದಾಳೆ! ಸುನಂದಾ ಬಾಗಿಲು ಹಾಕಿ ಬಂದು, ಕುಬಸದ ಕೊಕ್ಕೆ ಬಿಚ್ಚಿದಳು. ಅರಿವೆಯ ಚೀಲ ತೆಗೆದು ಮಂಚದ ಮೇಲಿಟ್ಟಳು. ಅಡ್ಡಕ್ಕೆ ಒಂದು ಹೊಲಿಗೆಯ ಗೆರೆ, ಮಾಸಿ ಬಿಳಿಚಿಕೊಂಡ ಚರ್ಮ, ಸಪಾಟು ಜಾಗ, ಅದರ ಮೇಲೆ ಅವಳ ಕರಡಿಗೆ ಆರಾಮಾಗಿ ಕೂತಿತ್ತು. ಅತ್ತೆಯ ಕೈ ಹಿಡಿದು ಅಲ್ಲಿ ಇಡಿಸಿದಳು. ಆ ಬೆರಳುಗಳು ತಣ್ಣಗಿದ್ದವು. ಮೊದಲು ಹಿಂಜರಿದವು, ಆಮೇಲೆ ಗೆರೆಯ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಹೋದವು. “ಇಷ್ಟ?” ಎಂದಳು ಕಾಶೆವ್ವ.

“ಇಷ್ಟ.”

ಕಾಶೆವ್ವ ಮಂಚದ ಮೇಲಿನ ಚೀಲ ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು. “ಇದರಾಗೇನೈತಿ?”

“ಸಾಸಿವಿ.”

“ನಮ್ಮ ಡಬ್ಬಿದಾ?” ಎಂದಳು. “ಅದಕ್ಕ ಒಗ್ಗರಣಿಗೆ ಯಾವಾಗ ನೋಡಿದ್ರೂ ಸಾಸಿವಿ ಇಲ್ಲಂತಿ.” ಇಬ್ಬರಲ್ಲಿ ಯಾರು ಮೊದಲು ನಕ್ಕರೋ. ನಗುತ್ತಾ ನಗುತ್ತಾ ಕಾಶೆವ್ವ ಅಳತೊಡಗಿದಳು, ಸುನಂದಾ ಅವಳ ಬೆನ್ನು ಸವರುತ್ತಾ ಹಾಗೇ ಕೂತಳು.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದ ಶೇಖಪ್ಪ, ಬಸ್ಸು ಹೊರಡುವಾಗ ತಾನೂ ಹತ್ತಿದ. “ಅಂಗಡಿ?” ಎಂದಳು ಸುನಂದಾ. “ಸಿದ್ದಲಿಂಗ ನೋಡ್ಕೋತಾನ” ಎಂದ, ಅವಳ ಹಣೆಯನ್ನಲ್ಲ, ಮುಖವನ್ನು ನೋಡಿ. ಟಿಬೆಟ್ ಕ್ಯಾಂಪಿನ ಮುದಿ ಲಾಮಾ ಒಬ್ಬರು ಜಪಮಣಿ ಎಣಿಸುತ್ತಾ ಹತ್ತಿ ಕಾಶೆವ್ವನ ಎದುರಿನ ಸೀಟಿನಲ್ಲಿ ಕೂತರು. ಕಾಶೆವ್ವ ಆ ಮಣಿಗಳನ್ನು ನೋಡುತ್ತಾ, ತಡಸ ಊರು ಬರುವವರೆಗೂ ಸೆರಗಿನೊಳಗೆ ತನ್ನ ಕರಡಿಗೆಯನ್ನು ಹಿಡಿದೇ ಇದ್ದಳು. ಸುನಂದಾ ಸಾಸಿವೆಯ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಕುಬಸದ ಎಡಗಡೆ ಗಾಳಿಗೆ ಸಡಿಲಾಗಿ ಅಲುಗುತ್ತಿತ್ತು. ಕಂಡಕ್ಟರ್ ಒಮ್ಮೆ ನೋಡಿದ, ಅವಳು ತಿರುಗಿ ನೋಡಿದಳು, ಅವನು ಚೀಟಿ ಹರಿದುಕೊಟ್ಟು ಮುಂದೆ ಹೋದ.

ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆಯುವ ಕೋಣೆಯ ಹುಡುಗಿ, “ಅಜ್ಜಿ, ಸರಾ ತಗೀರಿ, ಅದನ್ನೂ ತಗದು ಕೊಡ್ರಿ” ಎಂದು ಕರಡಿಗೆಗೆ ಕೈ ಮಾಡಿದಳು. “ಅದು ಬರೂದಿಲ್ಲವ್ವ” ಎಂದು ಕಾಶೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ ಸರಿದಿದ್ದರೆ ಬಾಗಿಲಾಚೆ ಹೋಗಿಬಿಡುತ್ತಿದ್ದಳು, ಮತ್ತೆ ಬರುತ್ತಿರಲಿಲ್ಲ. ಸುನಂದಾ ಬಾಗಿಲಿಗೆ ಅಡ್ಡ ನಿಂತಳು. “ಕೊಡೂದು ಬ್ಯಾಡ. ಎದಿಯಿಂದ ತಗದು ಎಡ ಅಂಗೈಯಾಗ ಹಿಡೀರಿ, ಪೂಜಾದಾಗ ಹಿಡದಂಗ. ನಾನೂ ಹಂಗ ಹಿಡಕೊಂಡ ಒಳಗ ಹೋಗಿದ್ದೆ.” ಕಾಶೆವ್ವ ದಾರವನ್ನು ಕೈಗೆ ಸುತ್ತಿಕೊಂಡಳು, ಕರಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡಳು. ಹುಡುಗಿಗೆ ಅದು ತಿಳಿಯಿತು. “ಹಂಗ ಹಿಡೀರಿ, ನಡೀತೈತಿ” ಎಂದಳು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಶೇಖಪ್ಪ ಸುನಂದಾಳ ಪಕ್ಕದಲ್ಲಿ ಕೂತು ಅಳುತ್ತಿದ್ದ, ಈ ಸಲ ಬೇವಿನ ಗಿಡದ ಕೆಳಗೆ ಹೋಗದೆ.

ಸೂಜಿ ಹಾಕಿ ಚೂರು ತೆಗೆದರು. ಅದೇ ಡಾಕ್ಟರಮ್ಮ, ಕೂದಲು ಸ್ವಲ್ಪ ಬೆಳ್ಳಗಾಗಿತ್ತು. ಸುನಂದಾಳ ಸಡಿಲ ಕುಬಸ ನೋಡಿ ಗುರುತು ಹಿಡಿದರು. “ರಿಪೋರ್ಟ್ ಬರೂತನಕ ನಾ ಏನೂ ಹೇಳೂದಿಲ್ಲ. ಅದ ಇದ್ರೂ ಇರಬಹುದು” ಎಂದರು ಕಾಶೆವ್ವನಿಗೆ. “ಆದ್ರ ಸಣ್ಣದೈತ್ರಿ ಅಜ್ಜಿ. ಕಂಕಳಕ್ಕ ಹೋಗಿಲ್ಲ. ಯಾರು ಹೇಳಿ ಕಳಸಿದ್ರು ಇಷ್ಟ ಲಗೂ?”

ಕಾಶೆವ್ವ ಸೊಸೆಯ ಕಡೆ ಗದ್ದ ಎತ್ತಿದಳು. “ಈಕಿ. ನಮ್ಮ ಹಿರೇ ಸೊಸಿ. ಈಕಿಗೂ ಕ್ಯಾನ್ಸರ್ ಆಗಿತ್ತು” ಎಂದಳು, ಕಾಯುತ್ತಾ ನಿಂತ ಮಂದಿಗೆಲ್ಲ ಕೇಳುವ ಹಾಗೆ. ಆ ಶಬ್ದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು. ಶೇಖಪ್ಪ ಚಹಾ ತರಲು ಹೋದ. ಕಾಶೆವ್ವನ ಎಡ ಎದೆಯ ಮೇಲೆ ಪಟ್ಟಿ ಇತ್ತು, ಕರಡಿಗೆ ಇನ್ನೂ ಅಂಗೈಯಲ್ಲೇ ಇತ್ತು. ಅದನ್ನು ಸುನಂದಾಳ ಮುಂದೆ ಚಾಚಿದಳು. “ದಾರದ ಗಂಟು ಬಿಚ್ಚು. ಮೊದಲಿನಷ್ಟ ಮಾಡಿ ಕಟ್ಟು. ಮೊದಲಿದ್ದ ಕಡೆನ.”

“ಎಡಕ್ಕ? ಪಟ್ಟಿ ಐತಲ್ರಿ ಅತ್ತಿ, ಈಗ ಇನ್ನೂ ಒತ್ತತೈತಿ.”

“ಒತ್ತಲಿ” ಎಂದಳು ಕಾಶೆವ್ವ. “ಎಲ್ಲಿ ಒತ್ತತೈತಿ ಅಂತ ನನಗ ಗೊತ್ತಿರಲಿ.”

ಸುನಂದಾ ಬಾಗಿ, ಅತ್ತೆಯ ಅಂಗೈಯ ಮೇಲೆ, ಮೈಬಿಸಿಗೆ ಬೆಚ್ಚಗಾಗಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹೆಚ್ಚಾದ ಒಂದು ಮೊಳ ದಾರವನ್ನು ಕಡಿದು, ಉಳಿದದ್ದನ್ನು ಮೊದಲಿನಷ್ಟೇ ಉದ್ದಕ್ಕೆ ಅತ್ತೆಗೆ ಕಟ್ಟಿ, ಕಡಿದ ತುಂಡನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು.